ಅರ್ಥವಾಗದ ಮಾತಿಗೆ ‘ಆಮೆನ್’ ಎನ್ನಬೇಕೆ?

ರಾಜ್ಯೋತ್ಸವದ ಕರಪತ್ರ ಅಚ್ಚು ಹಾಕಿಸಲು ನಾಲ್ಕು ಜನ ಹುಡುಗರು ನನ್ನ ಪ್ರೆಸ್ಸಿಗೆ ಬಂದಿದ್ದರು. ಕೊರಳಲ್ಲಿ ಹಳದಿ ಕೆಂಪು ಶಾಲು, ಬಾಯಲ್ಲಿ ಕನ್ನಡಾಂಬೆಯ ಜಯಕಾರ. ಅವರು ತಂದ ಬರಹ ಓದಿದೆ. ‘ಹಾರ್ದಿಕ’ ಎನ್ನುವುದು ‘ಆರ್ಧಿಕ’ ಆಗಿತ್ತು. ‘ಅಭಿಮಾನಿ’ಗೆ ಮಹಾಪ್ರಾಣ ಹೋಗಿತ್ತು. ಬೈಯದೆ ಒಂದೊಂದನ್ನೂ ತಿದ್ದಿಕೊಟ್ಟೆ. ಅಷ್ಟರಲ್ಲಿ ಒಬ್ಬ ಹುಡುಗನ ಕಣ್ಣು ಗೋಡೆಯ ಮೇಲಿದ್ದ ಶಿಲುಬೆಗೆ ಹೋಯಿತು.

“ಏನ್ ಸಾರ್, ನೀವು ಕ್ರಿಶ್ಚಿಯನ್ನಾ? ಆದ್ರೂ ಕನ್ನಡ ಇಷ್ಟ್ ಚೆನ್ನಾಗಿ ಬರುತ್ತಲ್ಲ!”

ಹುಡುಗ ಒಳ್ಳೆಯವನೇ. ಹೊಗಳಿದೆ ಅಂದುಕೊಂಡ. ಆದರೆ ಆ ‘ಆದ್ರೂ’ ಎಂಬ ಎರಡಕ್ಷರ ನನ್ನ ಎದೆಗೆ ಮೊಳೆ ಹೊಡೆದ ಹಾಗಾಯಿತು. ನನ್ನ ಅಪ್ಪ ಇದೇ ಪ್ರೆಸ್ಸಿನಲ್ಲಿ ನಿಂತು ಕನ್ನಡದ ಅಚ್ಚುಮೊಳೆ ಜೋಡಿಸಿದವರು. ಒತ್ತಕ್ಷರದ ಮೊಳೆ ಹುಡುಕಿ ಹುಡುಕಿ ಕಣ್ಣು ಕಳೆದುಕೊಂಡವರು. ನಮ್ಮ ಮನೆಯಲ್ಲಿ ಜಪಮಾಲೆ ಕನ್ನಡ, ಜಗಳ ಕನ್ನಡ, ಜೋಗುಳ ಕನ್ನಡ. ಆದರೂ ನಾವು ‘ಆದ್ರೂ’ ಗಿರಾಕಿಗಳು!

ಆ ಹುಡುಗನ ಮೇಲೆ ಸಿಟ್ಟು ಬಂತು. ರಾತ್ರಿ ಮಲಗಿ ಯೋಚಿಸಿದೆ. ಅವನಿಗೆ ಹಾಗೆ ಅನ್ನಿಸುವಂತೆ ಮಾಡಿದವರು ಯಾರು? ಬೇರೆ ಯಾರೂ ಅಲ್ಲ, ನಾವೇ! ನಮ್ಮ ಚರ್ಚಿನ ಬೋರ್ಡು ಇಂಗ್ಲಿಷು, ನೋಟೀಸು ಇಂಗ್ಲಿಷು, ಮದುವೆ ಕಾರ್ಡು ಇಂಗ್ಲಿಷು. ಕಾರ್ಡು ಅಚ್ಚು ಹಾಕುವವನು ನಾನೇ, ನನಗೆ ಗೊತ್ತಿಲ್ಲವೆ? ಹೊರಗಿನಿಂದ ನೋಡುವವನು ಮತ್ತೇನು ತಿಳಿಯಬೇಕು?

ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಪಿಯುಸಿ ಓದಿದವನು, ಪಂಡಿತನಲ್ಲ. ಆದರೆ ಎಂಟು ವರ್ಷದಿಂದ ನಮ್ಮ ಚರ್ಚಿನಲ್ಲಿ ನಾನು ಮಾಡುತ್ತಿರುವ ಒಂದು ಕೆಲಸ ಇದೆ. ಆ ಕೆಲಸ ನನಗೆ ಕಲಿಸಿದ್ದನ್ನು ಯಾವ ವೇದಿಕೆಯ ಭಾಷಣವೂ ಕಲಿಸಲಿಲ್ಲ.

ಏನದು ಕೆಲಸ?

ನಾನು ಪರಮಪ್ರಸಾದ ಹಂಚುವ ಸೇವಕ. ಗುರುವಲ್ಲ, ಸನ್ಯಾಸಿಯಲ್ಲ. ಹೆಂಡತಿ ಮಕ್ಕಳಿರುವ, ಕರೆಂಟ್ ಬಿಲ್ಲು ಕಟ್ಟಲು ಪರದಾಡುವ ಸಂಸಾರಸ್ಥ.

ಕ್ರೈಸ್ತರಲ್ಲದ ಗೆಳೆಯರಿಗೆ ಬಿಡಿಸಿ ಹೇಳುತ್ತೇನೆ. ಕಥೋಲಿಕರ ಬಲಿಪೂಜೆಯಲ್ಲಿ ಗುರುಗಳು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸುತ್ತಾರೆ. ಅದು ಕ್ರಿಸ್ತನ ಶರೀರ, ಕ್ರಿಸ್ತನ ರಕ್ತ ಆಗುತ್ತದೆ ಎಂಬುದು ನಮ್ಮ ವಿಶ್ವಾಸ. ಅರ್ಪಿಸುವ ಅಧಿಕಾರ ಗುರುಗಳದ್ದು ಮಾತ್ರ. ಆದರೆ ಅರ್ಪಿಸಿದ ಪ್ರಸಾದವನ್ನು ಜನರಿಗೆ ಕೊಡುವ ಕೆಲಸದಲ್ಲಿ, ಗುರುಗಳು ಸಾಲದೆ ಹೋದಾಗ, ನನ್ನಂಥ ಶ್ರೀಸಾಮಾನ್ಯ ಕೈಜೋಡಿಸಬಹುದು. ಜನ ಹೆಚ್ಚಿದ್ದು ಗುರುಗಳು ಒಬ್ಬರೇ ಇದ್ದಾಗ, ಅವರಿಗೆ ಮುಪ್ಪೋ ಕಾಯಿಲೆಯೋ ಬಂದಾಗ, ಹಾಸಿಗೆ ಹಿಡಿದವರ ಮನೆಗೆ ಹೋಗಲು ಅವರಿಗೆ ಸಮಯ ಸಾಲದಾಗ.

ಇದು ಮೊದಲಿನಿಂದ ಇದ್ದದ್ದಲ್ಲ. ಒಂದು ಕಾಲದಲ್ಲಿ ನಮ್ಮಂಥವರು ಆ ರೊಟ್ಟಿಯನ್ನು ಕೈಯಿಂದ ಮುಟ್ಟುವ ಹಾಗೂ ಇರಲಿಲ್ಲ. 1973ರ ಜನವರಿ 29ರಂದು ಪೋಪ್ ಆರನೆಯ ಪೌಲರ ಕಾಲದಲ್ಲಿ ರೋಮಿನಿಂದ ಬಂದ ಆದೇಶ ಈ ಬಾಗಿಲನ್ನು ಜಗತ್ತಿಗೆಲ್ಲ ತೆರೆಯಿತು. ಗಂಡಸು ಹೆಂಗಸು ಎಂಬ ಭೇದವಿಲ್ಲದೆ ತೆರೆಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆ ಅದನ್ನು 230 ಮತ್ತು 910ನೇ ಕಲಮುಗಳಲ್ಲಿ ಗಟ್ಟಿ ಮಾಡಿತು. 2004ರಲ್ಲಿ ರೋಮಿನಿಂದ ಬಂದ ಇನ್ನೊಂದು ಆದೇಶ, ‘ನೀವು ಅಸಾಧಾರಣ ಸೇವಕರು, ಗುರುಗಳ ಬದಲಿ ಗುರುಗಳಲ್ಲ, ಮಿತಿ ಮೀರಬೇಡಿ’ ಎಂದು ಎಚ್ಚರಿಸಿತು. ಸರಿಯಾದ ಎಚ್ಚರಿಕೆಯೇ. ನಾನು ಆಶೀರ್ವಾದ ಮಾಡುವ ಹಾಗಿಲ್ಲ, ಪಾಪನಿವೇದನೆ ಕೇಳುವ ಹಾಗಿಲ್ಲ, ರೋಗಿಗೆ ತೈಲ ಹಚ್ಚುವ ಹಾಗಿಲ್ಲ. ನಾನು ತಲುಪಿಸುವವನು, ಅಷ್ಟೆ.

ತಿಂಗಳ ಮೊದಲ ಶುಕ್ರವಾರ ಪ್ರೆಸ್ಸಿಗೆ ಅರ್ಧ ದಿನ ರಜ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಗುರುಗಳು ಚಿಕ್ಕ ಡಬ್ಬಿಯಲ್ಲಿ ಪ್ರಸಾದ ಇಟ್ಟು ಕೊಡುತ್ತಾರೆ. ಅದನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು ಹೊರಡುತ್ತೇನೆ. ದಾರಿಯಲ್ಲಿ ಕಾಫಿಗೆ ನಿಲ್ಲುವ ಹಾಗಿಲ್ಲ, ಸ್ನೇಹಿತರು ಸಿಕ್ಕರೆ ಹರಟೆಗೆ ನಿಲ್ಲುವ ಹಾಗಿಲ್ಲ. ನೇರ ರೋಗಿಯ ಮನೆ. ಅಲ್ಲಿ ಒಂದು ಸ್ಟೂಲು, ಅದರ ಮೇಲೆ ಬಿಳಿ ಬಟ್ಟೆ, ಒಂದು ಮೇಣದ ಬತ್ತಿ, ಒಂದು ಲೋಟ ನೀರು. ನಾಲ್ಕು ಮಾತಿನ ಪ್ರಾರ್ಥನೆ, ಶುಭಸಂದೇಶದಿಂದ ಒಂದು ಚೂರು ಓದು, ಆಮೇಲೆ ಪ್ರಸಾದ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷಕ್ಕಾಗಿ ಆ ಜೀವ ತಿಂಗಳಿಡೀ ಕಾಯುತ್ತಿರುತ್ತದೆ.

ಅಜ್ಜಿ ಬಾಯಿ ತೆರೆಯಲಿಲ್ಲ

ನನಗೆ ಮೂರು ದಿನ ತರಬೇತಿ ಕೊಟ್ಟರು. ಮೂರು ದಿನವೂ ಇಂಗ್ಲಿಷಿನಲ್ಲಿ! ಪುಸ್ತಕ ಇಂಗ್ಲಿಷು, ಉಪನ್ಯಾಸ ಇಂಗ್ಲಿಷು, ಕೊನೆಗೆ ಕೊಟ್ಟ ಸರ್ಟಿಫಿಕೇಟೂ ಇಂಗ್ಲಿಷು. ನನಗೆ ಓದಲು ಬರುತ್ತದೆ, ತಕರಾರು ಮಾಡಲಿಲ್ಲ. ಅದು ನನ್ನ ಮೊದಲ ತಪ್ಪು.

ಮೊದಲ ತಿಂಗಳೇ ಒಬ್ಬ ಅಜ್ಜಿಯ ಮನೆಗೆ ಕಳಿಸಿದರು. ಕನಕಪುರದ ಆಚೆಯ ಹಳ್ಳಿಯವರು. ಮಗ ಬೆಂಗಳೂರಿಗೆ ಬಂದು ಎರಡು ಕೋಣೆಯ ಮನೆ ಮಾಡಿದ್ದ. ಅಜ್ಜಿಗೆ ಪಾರ್ಶ್ವವಾಯು ಹೊಡೆದು ಆರು ತಿಂಗಳು. ನಾನು ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ತರಬೇತಿಯ ಪುಸ್ತಕ ಹಿಡಿದು, ಶುದ್ಧ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅಜ್ಜಿ ಸೂರು ನೋಡುತ್ತಿತ್ತು. ಕೊನೆಗೆ ಪ್ರಸಾದ ಎತ್ತಿ ಹಿಡಿದು, “ದ ಬಾಡಿ ಆಫ್ ಕ್ರೈಸ್ಟ್” ಎಂದೆ.

ಉತ್ತರ ಇಲ್ಲ. ತುಟಿ ಬಿಗಿದೇ ಇತ್ತು. ಸೊಸೆಗೆ ಸಂಕಟ. “ಅತ್ತೆ, ಬಾಯಿ ಬಿಡಿ ಅತ್ತೆ” ಅಂದಳು. ಅಜ್ಜಿ ಮುಖ ಆ ಕಡೆ ತಿರುಗಿಸಿತು. ಕಾಯಿಲೆಯಿಂದ ಬುದ್ಧಿ ಮಂಕಾಗಿದೆ ಎಂದುಕೊಂಡೆ. ಡಬ್ಬಿ ಮುಚ್ಚಿ ಎದ್ದು ಹೊರಡುವವನಿದ್ದೆ. ಅದೇನು ತೋಚಿತೋ, ಪುಸ್ತಕ ಪಕ್ಕಕ್ಕಿಟ್ಟೆ. ಮಂಡಿಯೂರಿ ಅಜ್ಜಿಯ ಕಿವಿಯ ಹತ್ತಿರ ಬಾಗಿ, “ಅಜ್ಜೀ... ಕ್ರಿಸ್ತರ ಶರೀರ” ಎಂದೆ.

ಅಜ್ಜಿಯ ತಲೆ ಈ ಕಡೆ ತಿರುಗಿತು. ಸೊಟ್ಟಗಾಗಿದ್ದ ಬಾಯಲ್ಲಿ “ಆಮೆನ್” ಎಂದಿತು. ತುಟಿ ತೆರೆಯಿತು.

ಆಮೇಲೆ ತಡವರಿಸುತ್ತ ಹೇಳಿತು: “ಯಾರೋ ಡಾಕುಟ್ರು ಮಾತ್ರೆ ಕೊಡೋಕ್ ಬಂದವ್ರೆ ಅಂದ್ಕಂಡಿದ್ನಲ್ಲಪ್ಪೋ. ದ್ಯಾವ್ರು ಬಂದವ್ನೆ ಅಂತ ಮೊದ್ಲೇ ಯೋಳ್ಬಾರ್ದಾ?”

ಗೆಳೆಯರೇ, ಬೀದಿಗೆ ಬಂದು ಸೈಕಲ್ ಸ್ಟ್ಯಾಂಡು ಹಾಕಿದಲ್ಲೇ ಬಿಟ್ಟು ಅತ್ತೆ. ಎಂಬತ್ತು ವರ್ಷ ವಿಶ್ವಾಸ ಕಾಪಾಡಿಕೊಂಡು ಬಂದ ಜೀವದ ಹತ್ತಿರ ದೇವರನ್ನು ಒಯ್ದು, ಮಾತ್ರೆ ಎಂದು ತಿಳಿಯುವಂತೆ ಮಾಡಿದವನು ನಾನು! ಆ ಅಜ್ಜಿ ಮೂರು ವಾರಕ್ಕೆ ತೀರಿಕೊಂಡಿತು. ಅದೇ ಅದರ ಕೊನೆಯ ಪ್ರಸಾದ. ಆ ದಿನ ನಾನು ಡಬ್ಬಿ ಮುಚ್ಚಿಕೊಂಡು ಎದ್ದು ಬಂದಿದ್ದರೆ? ಇವತ್ತಿಗೂ ಆ ಯೋಚನೆ ಬಂದರೆ ಅನ್ನ ಗಂಟಲಿನಲ್ಲಿ ಇಳಿಯುವುದಿಲ್ಲ.

ಆಮೆನ್ ಎಂದರೆ ಸಹಿ

‘ಆಮೆನ್’ ಎಂದರೆ ಹೌದು, ನಿಜ, ನಂಬುತ್ತೇನೆ ಎಂದರ್ಥ. ಕೊಡುವವನು ಒಂದು ಮಾತು ಹೇಳುತ್ತಾನೆ, ತೆಗೆದುಕೊಳ್ಳುವವನು ಅದಕ್ಕೆ ಒಪ್ಪಿಗೆ ಕೊಡುತ್ತಾನೆ. ನಮ್ಮ ಪ್ರೆಸ್ಸಿನ ಭಾಷೆಯಲ್ಲಿ ಹೇಳುವುದಾದರೆ ಅದು ಪ್ರೂಫಿನ ಮೇಲೆ ಹಾಕುವ ಸಹಿ. ಗಿರಾಕಿಗೆ ಓದಲು ಬಾರದ ಲಿಪಿಯಲ್ಲಿ ಪ್ರೂಫ್ ಕೊಟ್ಟು, ‘ಸುಮ್ಮನೆ ಸಹಿ ಹಾಕಯ್ಯ’ ಎಂದರೆ ಅದು ವ್ಯಾಪಾರವೋ ಮೋಸವೋ? ಅಂಗಡಿಯಲ್ಲಿ ಮೋಸ ಎನ್ನಿಸಿಕೊಳ್ಳುವುದು ಬಲಿಪೀಠದ ಎದುರು ಭಕ್ತಿ ಹೇಗಾದೀತು?

ಇದನ್ನು ಕೇಳಿದರೆ ಸಿಗುವ ಮೊದಲ ಉತ್ತರ: “ದೇವರಿಗೆ ಭಾಷೆ ಇಲ್ಲ ಬ್ರದರ್.” ಆಹಾ, ಎಂಥ ಅಧ್ಯಾತ್ಮ! ದೇವರಿಗೆ ಭಾಷೆ ಇಲ್ಲದಿರಬಹುದು, ರೋಗಿಗೆ ಇದೆ. ದೇವರಿಗೆ ಎಲ್ಲ ಭಾಷೆಯೂ ಒಂದೇ ಆದರೆ ಅದು ಯಾವಾಗಲೂ ಇಂಗ್ಲಿಷೇ ಯಾಕಾಗಬೇಕು? ಒಂದು ದಿನವಾದರೂ ಆ ‘ಒಂದೇ’ ಎನ್ನುವುದು ಕನ್ನಡವಾಗಬಾರದೆ?

ಇವರು ತಮ್ಮ ಬೈಬಲ್ಲನ್ನೇ ಸರಿಯಾಗಿ ಓದಿಲ್ಲ. ಯೇಸುವನ್ನು ಹಿಡಿದ ರಾತ್ರಿ ಪೇತ್ರ ‘ನಾನು ಅವನ ಕಡೆಯವನಲ್ಲ’ ಎಂದು ಸುಳ್ಳು ಹೇಳಿದಾಗ ಜನ ಅವನನ್ನು ಪತ್ತೆ ಹಚ್ಚಿದ್ದು ಹೇಗೆ? ಅವನ ಮಾತಿನ ಧಾಟಿಯಿಂದ! ಗಲಿಲೇಯದ ಮೀನುಗಾರರ ಹಳ್ಳಿ ಮಾತಿನಿಂದ! ನಮ್ಮ ಕಥೋಲಿಕರು ಮೊದಲ ಪೋಪ್ ಎಂದು ಪೂಜಿಸುವ ಮನುಷ್ಯನ ಬಾಯಲ್ಲಿ ನಮ್ಮ ಕನಕಪುರದ ಅಜ್ಜಿಯ ಬಾಯಲ್ಲಿದ್ದಂಥದೇ ಮಣ್ಣಿನ ವಾಸನೆ ಇತ್ತು. ಪಂಚಾಶತ್ತಮ ಹಬ್ಬದ ದಿನ ಪವಿತ್ರಾತ್ಮ ಇಳಿದಾಗ ನಡೆದ ಪವಾಡ ಯಾವುದು? ಎಲ್ಲರಿಗೂ ಒಂದೇ ಭಾಷೆ ಬಂದುಬಿಟ್ಟದ್ದಲ್ಲ. ದೂರದೂರದಿಂದ ಬಂದವರಿಗೆ ಅವರವರ ಭಾಷೆಯಲ್ಲಿ ಕೇಳಿಸಿದ್ದು!

ಲ್ಯಾಟಿನ್ ಪವಿತ್ರ ಭಾಷೆ ಎನ್ನುತ್ತಿದ್ದ ಹಿರಿಯರಿದ್ದರು. ರೋಮಿನ ಮೊದಲ ಕ್ರೈಸ್ತರ ಪೂಜೆಯ ಭಾಷೆ ಗ್ರೀಕ್. ಜನಕ್ಕೆ ಗ್ರೀಕ್ ತಿಳಿಯದಾದಾಗ ಜನರ ಮಾತಾಗಿದ್ದ ಲ್ಯಾಟಿನ್ನಿಗೆ ಬದಲಾಯಿಸಿದರು. ಜನರ ಭಾಷೆ ಎಂಬ ಕಾರಣಕ್ಕೆ ಒಳಗೆ ಬಂದ ಲ್ಯಾಟಿನ್, ಆಮೇಲೆ ಜನರನ್ನೇ ಹೊರಗಿಟ್ಟು ಕುಳಿತುಬಿಟ್ಟಿತು. ಕೊನೆಗೆ 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯಲ್ಲಿ ಜನರ ನುಡಿಗೆ ದಾರಿ ಬಿಟ್ಟಿತು. 2017ರಲ್ಲಿ ಪೋಪ್ ಫ್ರಾನ್ಸಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೂಜಾಗ್ರಂಥಗಳ ಅನುವಾದದಲ್ಲಿ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗೇ ಹೆಚ್ಚಿನ ಅಧಿಕಾರ ಕೊಟ್ಟರು. ಅಂದರೆ ರೋಮ್ ಅಡ್ಡಿಯಲ್ಲ. ಅಡ್ಡಿ ನಮ್ಮ ಬೀದಿಯಲ್ಲೇ ಇದೆ!

‘ಡಿಮ್ಯಾಂಡ್ ಇಲ್ಲ’ ಎಂಬ ದೊಡ್ಡ ಸುಳ್ಳು

ಎರಡನೆಯ ಉತ್ತರ ಇನ್ನೂ ಚೆನ್ನಾಗಿದೆ: “ಕನ್ನಡಕ್ಕೆ ಡಿಮ್ಯಾಂಡ್ ಇಲ್ಲ.”

ಅಜ್ಜಿ ತೀರಿದ ಮೇಲೆ ನಾನು ಒಂದು ಕೇಳಿಕೆ ಇಟ್ಟೆ. ಧರ್ಮಸಭೆಯೇ ಒಪ್ಪಿದ, ಕನ್ನಡದಲ್ಲೇ ಇರುವ ರೋಗಿಗಳ ಪ್ರಾರ್ಥನಾವಿಧಿಯನ್ನು ದಪ್ಪ ಅಕ್ಷರದಲ್ಲಿ ಹದಿನಾರು ಪುಟದ ಪುಸ್ತಿಕೆಯಾಗಿ ಅಚ್ಚು ಹಾಕಿಕೊಡುತ್ತೇನೆ, ಕಾಗದ ನನ್ನದು, ಶಾಯಿ ನನ್ನದು, ಕೂಲಿ ಬೇಡ, ಅನುಮತಿ ಮಾತ್ರ ಕೊಡಿ ಎಂದೆ. ಸಮಿತಿಯಲ್ಲಿ ಚರ್ಚೆ ಆಯಿತು. ಚರ್ಚೆಯೂ ಇಂಗ್ಲಿಷಿನಲ್ಲಿ. ‘ಡಿಮ್ಯಾಂಡ್ ಇಲ್ಲ’ ಎಂದು ಬರೆದು ಮುಗಿಸಿದರು.

ಡಿಮ್ಯಾಂಡ್ ಯಾರು ಕೇಳಬೇಕಿತ್ತು ಸ್ವಾಮಿ? ಹಾಸಿಗೆ ಹಿಡಿದವರು ಎದ್ದು ಬಂದು ಅರ್ಜಿ ಬರೆಯಬೇಕಿತ್ತೆ? ನಾಲಿಗೆ ಬಿದ್ದುಹೋದ ಅಜ್ಜಿ ಮೆರವಣಿಗೆ ಹೊರಡಬೇಕಿತ್ತೆ?

ನಾನು ಸುಮ್ಮನೆ ಕೂರಲಿಲ್ಲ. ನನ್ನ ಪಾಲಿಗೆ ಬಂದ ರೋಗಿಗಳ ಮನೆಮನೆಯಲ್ಲೂ ಒಂದೇ ಪ್ರಶ್ನೆ ಕೇಳಿದೆ: “ರಾತ್ರಿ ನಿದ್ದೆ ಬಾರದಾಗ ಯಾವ ಭಾಷೆಯಲ್ಲಿ ದೇವರನ್ನು ಕರೆಯುತ್ತೀರಿ?” ಅರ್ಧಕ್ಕಿಂತ ಹೆಚ್ಚು ಮನೆಯವರು ಕನ್ನಡ ಎಂದರು. ಉಳಿದವರಲ್ಲಿ ತಮಿಳು ಇತ್ತು, ಕೊಂಕಣಿ ಇತ್ತು, ಮಲಯಾಳ ಇತ್ತು. ಇಂಗ್ಲಿಷ್ ಎಂದದ್ದು ಒಂದೇ ಒಂದು ಮನೆ! ಆ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಸಮಿತಿಯ ಮುಂದಿಟ್ಟೆ. ಎರಡು ವರ್ಷ ಅಲೆದ ಮೇಲೆ ಅನುಮತಿ ಸಿಕ್ಕಿತು. ಪುಸ್ತಿಕೆ ಅಚ್ಚಾಯಿತು. ‘ಡಿಮ್ಯಾಂಡ್ ಇಲ್ಲದ’ ಆ ಪುಸ್ತಿಕೆಯನ್ನು ಮೂರು ಸಲ ಮರುಮುದ್ರಣ ಮಾಡಿದ್ದೇನೆ.

ಆದರೆ ತರಬೇತಿ? ಇನ್ನೂ ಇಂಗ್ಲಿಷಿನಲ್ಲೇ ಇದೆ. ಆದ್ದರಿಂದ ಇಂಗ್ಲಿಷ್ ಬಾರದ, ಆದರೆ ಬೀದಿಯ ಪ್ರತಿಯೊಬ್ಬ ರೋಗಿಯ ಹೆಸರು ಗೊತ್ತಿರುವ ನಮ್ಮ ಪಕ್ಕದ ಮನೆಯ ಟೈಲರು ಅಣ್ಣ ಸೇವಕನಾಗಲು ‘ಅರ್ಹ’ನಲ್ಲ. ನಾಚಿಕೆಯಾಗಬೇಡವೆ? ಯೇಸು ಆರಿಸಿಕೊಂಡ ಹನ್ನೆರಡು ಜನರಲ್ಲಿ ಎಷ್ಟು ಮಂದಿ ಈ ತರಬೇತಿ ಪಾಸಾಗುತ್ತಿದ್ದರು?

ತಮಿಳು ತಾತನ ಮಾತು

ಇಲ್ಲಿ ಕೆಲವು ಗೆಳೆಯರು ಚಪ್ಪಾಳೆ ಹೊಡೆಯಲು ಕೈ ಎತ್ತಿರಬಹುದು. ಸ್ವಲ್ಪ ತಡೆಯಿರಿ. ಈಗ ಹೇಳುವುದು ನಿಮಗೆ ರುಚಿಸದೆ ಇರಬಹುದು.

ನನ್ನ ಪಟ್ಟಿಯಲ್ಲಿ ಒಬ್ಬ ತಮಿಳು ತಾತ ಇದ್ದರು. ಗಾರೆ ಕೆಲಸ ಮಾಡಿ ಈ ಬೆಂಗಳೂರಿನ ನೂರು ಮನೆಗೆ ಗೋಡೆ ಎಬ್ಬಿಸಿದ ಕೈ. ನಾನು ಅವರ ಮನೆಗೆ ಹೋಗುವ ಮುಂಚೆ ಪಕ್ಕದ ಬೀದಿಯ ತಮಿಳು ಅಕ್ಕನ ಹತ್ತಿರ ಕುಳಿತು ಆ ನಾಲ್ಕು ಮಾತು ತಮಿಳಿನಲ್ಲಿ ಕಲಿತು, ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹೋದೆ. ತಪ್ಪು ತಪ್ಪಾಗಿ ಹೇಳಿದೆ. ತಾತ ನಕ್ಕು, ತಿದ್ದಿ, ಆಮೆನ್ ಎಂದರು. ಮುಂದಿನ ತಿಂಗಳು ಹೋದಾಗ, “ತಂಬಿ, ಇವತ್ತು ಕನ್ನಡದಲ್ಲೇ ಹೇಳು. ಐವತ್ತು ವರ್ಷ ಈ ಊರಿನ ನೀರು ಕುಡಿದಿದ್ದೇನೆ, ನನಗೂ ಕಲಿಸು” ಎಂದರು.

ಬೆಂಗಳೂರಿನ ಚರ್ಚುಗಳಲ್ಲಿ ಭಾಷೆಯ ಜಗಳ ದಶಕಗಳಷ್ಟು ಹಳೆಯದು. ಘೋಷಣೆ, ಧರಣಿ, ಪೊಲೀಸು ಎಲ್ಲ ಆಗಿದೆ. ಕನ್ನಡ ನಾಡಿನ ಚರ್ಚಿನಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು. ಅದರಲ್ಲಿ ರಾಜಿ ಇಲ್ಲ. ಆದರೆ ಸಾಯುವ ಮನುಷ್ಯನ ನಾಲಿಗೆಯ ಮೇಲೆ ನಮ್ಮ ಬಾವುಟ ನೆಡಬೇಡಿ. ನಮ್ಮ ಅಜ್ಜಿಗೆ ಕನ್ನಡ ಯಾಕೆ ಬೇಕೋ ಅದೇ ಕಾರಣಕ್ಕೆ ಆ ತಾತನಿಗೆ ತಮಿಳು ಬೇಕು. ಈ ಕಾರಣವನ್ನು ಅವರಿಗೆ ನಿರಾಕರಿಸಿದರೆ ನಮ್ಮ ಕೈಯಲ್ಲಿ ಉಳಿಯುವುದು ಬರೀ ಕೋಲು, ನ್ಯಾಯವಲ್ಲ. ನಮ್ಮ ಜಗಳ ಪಕ್ಕದ ಮನೆಯ ಬಡವನ ಭಾಷೆಯ ಜೊತೆಗಲ್ಲ. ಇಬ್ಬರ ತಲೆಯ ಮೇಲೂ ಕುಳಿತಿರುವ, ‘ಇಂಗ್ಲಿಷ್ ಗೊತ್ತಿದ್ದರೆ ಮಾತ್ರ ಮುಂದೆ ಬಾ’ ಎನ್ನುವ ದೊಡ್ಡಸ್ತಿಕೆಯ ಜೊತೆಗೆ!

ನಮ್ಮ ತಟ್ಟೆಯಲ್ಲಿರುವ ಹೆಗ್ಗಣ

ಇನ್ನು ನಮ್ಮವರ ಮಾತು. ಭಾನುವಾರ ಬೆಳಿಗ್ಗೆ ಆರಕ್ಕೆ ಕನ್ನಡ ಪೂಜೆ. ಬರುವವರು ಯಾರು? ಅಜ್ಜಂದಿರು, ಅಜ್ಜಿಯರು, ಮನೆಗೆಲಸದ ಹೆಂಗಸರು. ‘ಕನ್ನಡಕ್ಕೆ ಅನ್ಯಾಯ’ ಎಂದು ಗಂಟಲು ಹರಿದುಕೊಳ್ಳುವ ನಮ್ಮ ಕ್ರೈಸ್ತ ಯುವಕರು ಎಲ್ಲಿ? ಇನ್ನೂ ಮುಸುಕು ಹೊದ್ದು ಮಲಗಿರುತ್ತಾರೆ. ಎದ್ದು ಒಂಬತ್ತಕ್ಕೆ ಇಂಗ್ಲಿಷ್ ಪೂಜೆಗೆ ಹೋಗುತ್ತಾರೆ. ಅಲ್ಲಿ ಗಿಟಾರ್ ಇದೆಯಂತೆ!

ಕನ್ನಡ ವಾಚನ ಓದು ಮಗನೇ ಎಂದು ಒಬ್ಬ ಹುಡುಗನನ್ನು ನಿಲ್ಲಿಸಿದರೆ ‘ಸೃಷ್ಟಿ’ ಎಂಬಲ್ಲಿ ಎಡವಿ, ‘ಧರ್ಮಶಾಸ್ತ್ರ’ ಎಂಬಲ್ಲಿ ಬಿದ್ದೇ ಹೋದ. ಕನ್ನಡ ಸೇವಕರು ಬೇಕು, ಹೆಸರು ಕೊಡಿ ಎಂದು ಪೂಜೆಯಲ್ಲಿ ಪ್ರಕಟಣೆ ಕೊಟ್ಟೆವು. ಬಂದ ಹೆಸರು ಎರಡು. ಇಬ್ಬರೂ ಹೆಂಗಸರು, ಇಬ್ಬರೂ ಅರವತ್ತು ದಾಟಿದವರು. ಬೋರ್ಡಿಗೆ ಮಸಿ ಬಳಿಯಲು ಹತ್ತು ಕೈ, ರೋಗಿಯ ಮನೆಗೆ ಹೋಗಲು ಒಂದು ಕಾಲಿಲ್ಲ! ಇದಕ್ಕೆ ಅಭಿಮಾನ ಎನ್ನುತ್ತಾರೆಯೆ? ಇದು ಬೂಟಾಟಿಕೆ!

ಕ್ರೈಸ್ತರಲ್ಲದ ಕನ್ನಡ ಗೆಳೆಯರಿಗೂ ಒಂದು ಮಾತು. 2011ರ ಜನಗಣತಿಯ ಪ್ರಕಾರ ಈ ನಾಡಿನಲ್ಲಿ ನಾವು ಹನ್ನೊಂದು ಲಕ್ಷದ ಮೇಲಿದ್ದೇವೆ, ನೂರಕ್ಕೆ ಇಬ್ಬರೂ ತುಂಬುವುದಿಲ್ಲ. ಆದರೆ ನೀವು ಓದುವ ಅಚ್ಚಾದ ಕನ್ನಡದ ಚರಿತ್ರೆಯಲ್ಲಿ ಶಿಲುಬೆಯವರ ಬೆರಳ ಗುರುತು ಇದೆ. ಹದಿನೇಳನೇ ಶತಮಾನದಲ್ಲೇ ಶ್ರೀರಂಗಪಟ್ಟಣದ ಕಡೆಗೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಪಾದ್ರಿ ಕನ್ನಡ ಕಲಿತು ಜನರಿಗೆ ಧರ್ಮೋಪದೇಶ ಮಾಡಿದರು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದವರು ಬಾಸೆಲ್ ಮಿಷನ್ನಿನ ಮೋಗ್ಲಿಂಗ್. 1894ರಲ್ಲಿ ಕನ್ನಡಕ್ಕೆ ಆ ದೊಡ್ಡ ನಿಘಂಟು ಕೊಟ್ಟವರು ಕಿಟೆಲ್. ಪರದೇಶದಿಂದ ಬಂದವರು ಕನ್ನಡ ಕಲಿತು ನಮ್ಮ ಬಾಗಿಲಿಗೆ ಬಂದರು. ಇಲ್ಲೇ ಹುಟ್ಟಿದ ನಾವು ಇಂಗ್ಲಿಷ್ ಕಲಿತು ನಮ್ಮ ಅಜ್ಜಿಯರಿಂದ ದೂರ ಹೋದೆವು! ಇದಕ್ಕಿಂತ ದೊಡ್ಡ ನಾಚಿಕೆಗೇಡು ಯಾವುದು?

ಇನ್ನು ಮುಂದೆ ‘ಆದ್ರೂ’ ಎನ್ನಬೇಡಿ. ‘ನಿಮ್ಮ ಚರ್ಚಿನಲ್ಲಿ ಕನ್ನಡದಲ್ಲಿ ಓದುವವರು ಯಾರು?’ ಎಂದು ಕೇಳಿ. ಆ ಪ್ರಶ್ನೆ ನಮ್ಮನ್ನು ಚುಚ್ಚಲಿ. ಚುಚ್ಚಬೇಕು.

ನಮಗೆ ಬೇಕಾದದ್ದು ಇಷ್ಟು

ಒಂದು: ಪರಮಪ್ರಸಾದ ಸೇವಕರ ತರಬೇತಿ ಕನ್ನಡದಲ್ಲಿ ನಡೆಯಲಿ. ಇಂಗ್ಲಿಷ್ ಬಾರದು ಎಂಬ ಕಾರಣಕ್ಕೆ ಒಬ್ಬನನ್ನೂ ಹೊರಗಿಡಕೂಡದು.

ಎರಡು: ಪ್ರತಿ ಧರ್ಮಕೇಂದ್ರದ ರೋಗಿಗಳ ಪಟ್ಟಿಯಲ್ಲಿ ಹೆಸರು, ವಿಳಾಸದ ಪಕ್ಕದಲ್ಲಿ ‘ಪ್ರಾರ್ಥನೆಯ ಭಾಷೆ’ ಎಂಬ ಒಂದು ಕಾಲಂ ಇರಲಿ. ಒಂದು ಗೆರೆ ಎಳೆಯುವ ಕೆಲಸ. ಬೇಕಾದರೆ ಆ ಫಾರಂ ನಾನೇ ಬಿಟ್ಟಿಯಾಗಿ ಅಚ್ಚು ಹಾಕಿಕೊಡುತ್ತೇನೆ.

ಮೂರು: ಕನ್ನಡ ಪೂಜೆಯನ್ನು ಕೋಳಿ ಕೂಗುವ ಹೊತ್ತಿಗೆ ತಳ್ಳಬೇಡಿ. ಮಕ್ಕಳು ಬರುವ ಹೊತ್ತಿನಲ್ಲಿ ಇಡಿ.

ನಾಲ್ಕು, ಇದು ನಮ್ಮ ಹುಡುಗ ಹುಡುಗಿಯರಿಗೆ: ಹೆಸರು ಕೊಡಿ! ವಾಚನ ಓದಲು ಕೊಡಿ, ಹಾಡಲು ಕೊಡಿ. ವಯಸ್ಸು, ಅನುಮತಿ ಕೂಡಿಬಂದಾಗ ಪ್ರಸಾದ ಒಯ್ಯಲು ಕೊಡಿ. ಅಲ್ಲಿಯವರೆಗೆ ನನ್ನ ಜೊತೆ ಬಂದು ಅಜ್ಜಿಯ ಪಕ್ಕ ಸ್ಟೂಲು ಹಾಕಿ, ಮೇಣದ ಬತ್ತಿ ಹಚ್ಚಿ. ಕಾಗುಣಿತ ಬಾರದಿದ್ದರೆ ಸಂಜೆ ಪ್ರೆಸ್ಸಿಗೆ ಬನ್ನಿ, ನಾನೇ ಕಲಿಸುತ್ತೇನೆ.

ಕನ್ನಡ ವಿಧಾನಸೌಧದಲ್ಲಿ ಉಳಿಯಬೇಕು, ಬ್ಯಾಂಕಿನಲ್ಲಿ ಉಳಿಯಬೇಕು, ಮೆಟ್ರೋದಲ್ಲಿ ಉಳಿಯಬೇಕು, ನಿಜ. ಆದರೆ ಮನುಷ್ಯ ಕೊನೆಯ ಸಲ ಬಾಯಿ ತೆರೆಯುವ ಜಾಗದಲ್ಲಿ ಕನ್ನಡ ಇಲ್ಲದೆ ಹೋದರೆ ಉಳಿದ ಕಡೆ ಇದ್ದೇನು ಸುಖ?

ಬರುವ ಮೊದಲ ಶುಕ್ರವಾರ ನಾನು ಹೊರಡುತ್ತೇನೆ. ನನ್ನ ಸೈಕಲ್ಲಿನ ಹಿಂದಿನ ಸೀಟು ಖಾಲಿ ಇದೆ. ಯಾರು ಬರುತ್ತೀರಿ?

ಸಿರಿಗನ್ನಡಂ ಗೆಲ್ಗೆ!